ಮೀನು-ಬೆಲ್ಲದ ದ್ರಾವಣ ಹಾಕಿದರೆ ಏಲಕ್ಕಿ ಬಾಳೆಯ ಗೊನೆ ದಪ್ಪ ಆಗುತ್ತದಾ?

ಪ್ರಶ್ನೆ: ನಮ್ಮದು ನಂಜನಗೂಡು ತಾಲ್ಲೂಕು. ಒಂದು ಎಕರೆಯಲ್ಲಿ 6 ಅಡಿ ಅಂತರಕ್ಕೆ ಸುಮಾರು 1,200 ಏಲಕ್ಕಿ ಬಾಳೆ ನೆಟ್ಟಿದ್ದೇನೆ. ಈಗ ಐದನೇ ತಿಂಗಳು. ಹೋದ ಬೆಳೆಯಲ್ಲಿ ಗೊನೆ 7–8 ಕಿಲೋ ದಾಟಲಿಲ್ಲ. ಕಾಯಿ ಸಣ್ಣ, ತುದಿ ಚಿಪ್ಪು ತುಂಬಲೇ ಇಲ್ಲ. ಯೂರಿಯಾ, ಡಿಎಪಿ ಹಾಕಿದ್ದೆ. ಪೊಟ್ಯಾಷ್ ದುಬಾರಿ ಅಂತ ಬಿಟ್ಟಿದ್ದೆ. ಈ ಸಲವೂ ಮೇಲಿನ ಎಲೆ ಕಡುಹಸಿರು, ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗಿ ಒಣಗುತ್ತಿವೆ. ಪಕ್ಕದ ತೋಟದವರು ಮೀನು ಮತ್ತು ಬೆಲ್ಲ ಕೊಳೆಸಿ ಹಾಕುತ್ತಾರೆ. ಅವರ ಗೊನೆ ಚೆನ್ನಾಗಿದೆ. ‘ಇದೊಂದು ಹಾಕಿ, ಬೇರೆ ಗೊಬ್ಬರವೇ ಬೇಡ’ ಎನ್ನುತ್ತಾರೆ. ನಾನೂ 10 ಕಿಲೋ ಮೀನು ತ್ಯಾಜ್ಯಕ್ಕೆ 3 ಕಿಲೋ ಬೆಲ್ಲ ಹಾಕಿ ಒಂದು ಡ್ರಮ್ ಮಾಡಿದೆ. ಎಂಟೇ ದಿನಕ್ಕೆ ತಡೆಯಲಾರದ ನಾತ, ಮೇಲೆಲ್ಲಾ ಹುಳು. ಅತ್ತೆಯವರಿಗೆ ಬೇರೆ ಚಿಂತೆ: ‘ದೇವರಿಗೆ ಇಡುವ ಹಣ್ಣಿಗೆ ಮೀನು ಹಾಕ್ತೀಯಾ?’ ಅಂತ ಕೇಳುತ್ತಾರೆ. ಏನು ಮಾಡಲಿ? ಗಿಡಕ್ಕೆ ಎಷ್ಟು ಹಾಕಬೇಕು?

ಉತ್ತರ: ಅಕ್ಕ, ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಮೀನಲ್ಲ. ‘ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗಿ ಒಣಗುತ್ತಿವೆ’ ಅನ್ನುವ ಮಾತು. ಅದರ ಜೊತೆಗೆ ‘ಪೊಟ್ಯಾಷ್ ಬಿಟ್ಟಿದ್ದೆ’ ಅನ್ನುವುದು. ನಿಮ್ಮ ಗಿಡ ಕೇಳುತ್ತಿರುವುದು ಒಂದು, ನೀವು ಕೊಡಲು ಹೊರಟಿರುವುದು ಇನ್ನೊಂದು. ಮೀನಿನ ದ್ರಾವಣ ಕೆಟ್ಟದ್ದಲ್ಲ. ನಾನೇ ಹಲವು ತೋಟಗಳಲ್ಲಿ ಮಾಡಿಸಿದ್ದೇನೆ. ಆದರೆ ಅದು ಊಟದ ಪಕ್ಕದ ಉಪ್ಪಿನಕಾಯಿ, ಅನ್ನ ಅಲ್ಲ. ಐದನೇ ತಿಂಗಳಲ್ಲಿ ಬರೀ ಉಪ್ಪಿನಕಾಯಿ ಬಡಿಸಿದರೆ ಈ ಸಲವೂ ಗೊನೆ 8 ಕಿಲೋಗೇ ನಿಲ್ಲಬಹುದು.

ಲೆಕ್ಕ ಹಾಕಿ ನೋಡೋಣ. ಬಾಯಿಮಾತಿಗಿಂತ ಇದು ಬೇಗ ಮನಸ್ಸಿಗೆ ಹಿಡಿಯುತ್ತದೆ.

ಹಸಿ ಮೀನಿನ ತ್ಯಾಜ್ಯದಲ್ಲಿ, ಅಂದರೆ ತಲೆ, ಕಿವಿರು, ಕರುಳು ಎಲ್ಲಾ ಸೇರಿ, ಹೆಚ್ಚುಕಡಿಮೆ ನೂರಕ್ಕೆ ಎರಡೂವರೆ ಪಾಲು ಸಾರಜನಕ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ನೀರು. ಅದಕ್ಕೆ ಸಮ ತೂಕ ಬೆಲ್ಲ ಸೇರಿಸಿದಾಗ ಆ ಸಾರಜನಕ ಇನ್ನೂ ತೆಳುವಾಗುತ್ತದೆ. ಮೂಳೆ, ಸಿಪ್ಪೆ ಸೋಸಿ ತೆಗೆದ ಒಂದು ಲೀಟರ್ ಒಳ್ಳೆಯ ದ್ರಾವಣದಲ್ಲಿ 15 ಗ್ರಾಂ ಸಾರಜನಕ ಇದೆ ಎಂದಿಟ್ಟುಕೊಳ್ಳಿ. ತುಂಬಾ ಚೆನ್ನಾಗಿ ಬಂದರೆ 20 ಗ್ರಾಂ.

ಈಗ ಬಾಳೆಯ ಹಸಿವು ನೋಡಿ. ನಮ್ಮ ಕಡೆ ಒಂದು ಗಿಡಕ್ಕೆ, ನೆಟ್ಟ ದಿನದಿಂದ ಕಟಾವಿನವರೆಗೆ, 180ರಿಂದ 200 ಗ್ರಾಂ ಸಾರಜನಕ ಬೇಕು ಎಂದು ಶಿಫಾರಸು ಮಾಡುತ್ತಾರೆ. ಅಷ್ಟನ್ನೂ ಮೀನಿನ ದ್ರಾವಣದಿಂದಲೇ ಕೊಡಬೇಕು ಅಂದರೆ ಗಿಡಕ್ಕೆ 12 ಲೀಟರ್ ಬೇಕು. ನಿಮ್ಮ 1,200 ಗಿಡಕ್ಕೆ 14,400 ಲೀಟರ್. ಯಾರ ಮನೆಯಲ್ಲೂ ಅಷ್ಟು ಡ್ರಮ್ ಇರುವುದಿಲ್ಲ, ಅಷ್ಟು ಬೆಲ್ಲವೂ ಇರುವುದಿಲ್ಲ. ಸಾಮಾನ್ಯವಾಗಿ ಜನ ಮಾಡುವುದು ಎಕರೆಗೆ 20 ಲೀಟರ್. ಅದರಲ್ಲಿ ಸಿಗುವ ಸಾರಜನಕ ಒಟ್ಟು 300 ಗ್ರಾಂ. ಇದು ಮುಕ್ಕಾಲು ಕಿಲೋ ಯೂರಿಯಾದಲ್ಲಿ ಇರುವುದಕ್ಕಿಂತಲೂ ಕಡಿಮೆ. ಅದನ್ನು 1,200 ಗಿಡಕ್ಕೆ ಹಂಚಿದರೆ ತಲಾ ಕಾಲು ಗ್ರಾಂ.

ಸಾರಜನಕದ ಕಥೆ ಇದಾದರೆ ಪೊಟ್ಯಾಷ್ ಕಥೆ ಇನ್ನೂ ಬಡವು. ಬಾಳೆ ಬೇಡುವುದೇ ಪೊಟ್ಯಾಷನ್ನು. ಗಿಡಕ್ಕೆ 225ರಿಂದ 300 ಗ್ರಾಂ ಬೇಕು, ಸಾರಜನಕಕ್ಕಿಂತ ಜಾಸ್ತಿ. ಮೀನಿನ ಮೈಯಲ್ಲಿ ಪೊಟ್ಯಾಷ್ ನೂರಕ್ಕೆ ಅರ್ಧ ಪಾಲೂ ಇಲ್ಲ. ದ್ರಾವಣದಲ್ಲಿ ಸ್ವಲ್ಪ ಪೊಟ್ಯಾಷ್ ಕಾಣಿಸಿದರೆ ಅದರಲ್ಲಿ ಹೆಚ್ಚಿನದು ಬೆಲ್ಲದಿಂದ ಬಂದದ್ದು.

ಹಾಗಾದರೆ ಪಕ್ಕದ ತೋಟದವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. ಮೀನಿನ ಪ್ರೋಟೀನ್ ಒಡೆದು ಅಮೈನೋ ಆಮ್ಲವಾಗಿರುತ್ತದೆ. ಅದನ್ನು ಎಲೆಯೂ ಬೇರೂ ಬೇಗ ಹೀರಿಕೊಳ್ಳುತ್ತವೆ. ಹೊಡೆದ ಹತ್ತು ದಿನದಲ್ಲಿ ಹೊಸ ಎಲೆ ಹೊಳೆಯುತ್ತದೆ. ಬುಡಕ್ಕೆ ಹಾಕಿದರೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬೆಲ್ಲವೂ ಸಿಗುತ್ತದೆ, ಪ್ರೋಟೀನೂ ಸಿಗುತ್ತದೆ. ಬೇರಿನ ಸುತ್ತ ಚಟುವಟಿಕೆ ಜಾಸ್ತಿಯಾಗುತ್ತದೆ. ಬಿಸಿಲಿಗೆ, ನೀರಿನ ತೊಂದರೆಗೆ ಸಿಕ್ಕು ಬಳಲಿದ ಗಿಡ ಬೇಗ ಚೇತರಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಆದರೆ ಇಂಥ ತೋಟಕ್ಕೆ ಹೋದಾಗ ನಾನು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತೇನೆ. ತಿಪ್ಪೆ ಗೊಬ್ಬರ ಎಷ್ಟು ಹಾಕಿದಿರಿ? ಹೋದ ಬೆಳೆಯ ಬಾಳೆ ಕಾಂಡ ಏನು ಮಾಡಿದಿರಿ? ಕಂದು, ಅಂದರೆ ಬುಡದಲ್ಲಿ ಏಳುವ ಮರಿಗಿಡ, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ? ನೀರು ಹೇಗೆ? ಹತ್ತಕ್ಕೆ ಎಂಟು ಸಲ ಉತ್ತರ ಅಲ್ಲೇ ಸಿಗುತ್ತದೆ. ಮೀನು ಕೊಳೆಸಿ, ಸೋಸಿ, ಹದಿನೈದು ದಿನಕ್ಕೊಮ್ಮೆ ಹೊಡೆಯುವಷ್ಟು ಆಸಕ್ತಿ ಇರುವವರು ಮಿಕ್ಕ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿರುತ್ತಾರೆ. ಗೊನೆ ದಪ್ಪ ಆಗುವುದು ಎಲ್ಲದರಿಂದ. ಹೆಸರು ಬರುವುದು ಡ್ರಮ್ಮಿಗೆ. ನೀವೂ ಅವರನ್ನು ಈ ನಾಲ್ಕು ಪ್ರಶ್ನೆ ಕೇಳಿ ನೋಡಿ.

ಇನ್ನು ನಿಮ್ಮ ಎಲೆಯ ವಿಷಯ. ಬೆಳಗ್ಗೆ ತೋಟಕ್ಕೆ ಹೋದಾಗ ಕೆಳಗಿನಿಂದ ಎರಡನೆಯ ಅಥವಾ ಮೂರನೆಯ ಎಲೆ ಹಿಡಿದು, ಬೆಳಕಿಗೆ ಒಡ್ಡಿ ನೋಡಿ. ಹಳದಿ ಎಲೆಯ ತುದಿಯಲ್ಲಿ ಶುರುವಾಗಿ ಅಂಚಿನುದ್ದಕ್ಕೂ ನಡುದಿಂಡಿನ ಕಡೆಗೆ ಬಂದಿದೆಯಾ? ಆ ಹಳದಿ ಮಾಗಿದ ಮಾವಿನ ಹಣ್ಣಿನ ಬಣ್ಣದ ಹಾಗೆ ಕಿತ್ತಳೆ ಬೆರೆತಂತಿದೆಯಾ? ಒಣಗಿದ ತುದಿ ಒಳಕ್ಕೆ ಸುರುಳಿ ಸುತ್ತಿದೆಯಾ? ಕೆಲವು ಎಲೆ ನಡುದಿಂಡಿನಲ್ಲಿ ಮುರಿದು ಜೋತಿದೆಯಾ? ಹೌದು ಅಂದರೆ ಅದು ಪೊಟ್ಯಾಷ್ ಕೊರತೆ. ಗಿಡ ತನ್ನ ಹಳೆ ಎಲೆಯಿಂದ ಪೊಟ್ಯಾಷ್ ಕಿತ್ತು ಹೊಸ ಎಲೆಗೆ ಕೊಡುತ್ತಿದೆ. ಅದಕ್ಕೇ ಮೇಲೆ ಕಡುಹಸಿರು, ಕೆಳಗೆ ಒಣಗು. ಹೋದ ಸಲ ತುದಿ ಚಿಪ್ಪು ತುಂಬದಿದ್ದಕ್ಕೂ ಇದೇ ಕಾರಣ ಇರಬೇಕು. ಎಲೆಯಲ್ಲಿ ತಯಾರಾದ ಸಕ್ಕರೆ ಕಾಯಿಗೆ ಇಳಿಯಬೇಕಾದರೆ ಪೊಟ್ಯಾಷ್ ಬೇಕೇ ಬೇಕು.

ಇದಕ್ಕೂ ಮುಂಚೆ ಒಂದು ಪರೀಕ್ಷೆ ತಪ್ಪದೆ ಮಾಡಿ. ಪನಾಮ ಸೊರಗು ರೋಗದಲ್ಲೂ ಹಳೆ ಎಲೆಯ ಅಂಚು ಹಳದಿಯಾಗುತ್ತದೆ. ಏಲಕ್ಕಿ ಬಾಳೆಗೆ ಈ ರೋಗ ಬರುತ್ತದೆ. ನಿಮ್ಮ ಊರಿನ ರಸಬಾಳೆಯನ್ನು ಅಪರೂಪ ಮಾಡಿದ್ದೂ ಇದೇ ರೋಗ. ಹೆಚ್ಚು ಹಳದಿಯಾದ ಒಂದು ಗಿಡದ ಹೊರಗಿನ ಪಟ್ಟೆಯನ್ನು ಬುಡದ ಹತ್ತಿರ ಕುಡುಗೋಲಿನಿಂದ ಸೀಳಿ ನೋಡಿ. ಒಳಗೆ ಬೆಳ್ಳಗೆ, ಚೊಕ್ಕಟವಾಗಿದ್ದರೆ ನಿಶ್ಚಿಂತೆ. ಕೆಂಪು-ಕಂದು ಗೆರೆಗಳು ಕಂಡರೆ, ಬುಡ ಸೀಳುಬಿಟ್ಟಿದ್ದರೆ, ಆ ಗಿಡ ಗಡ್ಡೆ ಸಮೇತ ಹೊರಹೋಗಬೇಕು. ಅಲ್ಲಿಯ ಕಂದು ಬೇರೆ ಕಡೆ ನೆಡಬಾರದು. ಆ ಕುಡುಗೋಲು, ಸನಿಕೆ ತೊಳೆಯದೆ ಬೇರೆ ಗಿಡಕ್ಕೆ ಹಾಕಬಾರದು. ಮೀನಿನ ದ್ರಾವಣ ಪನಾಮ ರೋಗ ಓಡಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಓಡಿಸುವುದಿಲ್ಲ. ಇದನ್ನು ನಂಬಿ ರೋಗದ ಗಿಡ ಉಳಿಸಿಕೊಂಡವರು ಅಕ್ಕಪಕ್ಕದ ಗಿಡವನ್ನೂ ಕಳೆದುಕೊಂಡಿದ್ದಾರೆ.

ಪೊಟ್ಯಾಷ್ ಕೊರತೆಯೇ ಹೌದಾದರೆ ತಡ ಮಾಡಬೇಡಿ. ಹೊರಗೆ ಹೂ ಕಾಣುವುದಕ್ಕೆ ಎಷ್ಟೋ ಮುಂಚೆ, ನಾಲ್ಕು-ಐದನೇ ತಿಂಗಳ ಹೊತ್ತಿಗೆ, ಬಾಳೆಯ ಹೊಟ್ಟೆಯೊಳಗೆ ಗೊನೆ ಮೊಳೆಯಲು ಶುರುವಾಗುತ್ತದೆ. ಎಷ್ಟು ಚಿಪ್ಪು ಅನ್ನುವುದು ಆಗಲೇ ತೀರ್ಮಾನ ಆಗುತ್ತದೆ. ಗೊನೆ ಹೊರಬಂದ ಮೇಲೆ ಏನೇ ಹಾಕಿದರೂ ಇರುವ ಕಾಯಿ ದಪ್ಪ ಆಗಬಹುದು, ಹೊಸ ಚಿಪ್ಪು ಹುಟ್ಟುವುದಿಲ್ಲ. ನೀವು ಈಗ ಸರಿಯಾಗಿ ಆ ಹೊತ್ತಿನಲ್ಲಿದ್ದೀರಿ. ಅದಕ್ಕೇ ನಾನು ಇಷ್ಟು ಅವಸರ ಮಾಡುತ್ತಿರುವುದು.

ನಿಮ್ಮ ಮುಂದೆ ದಾರಿ ಎರಡಿವೆ.

ಸಾವಯವ ಪ್ರಮಾಣಪತ್ರದ ಗೊಡವೆ ಇಲ್ಲದಿದ್ದರೆ ಸಲೀಸಾದ ದಾರಿ ಅಂಗಡಿಯ ಪೊಟ್ಯಾಷ್. ಕೆಂಪು ಪೊಟ್ಯಾಷಿನಲ್ಲಿ ನೂರಕ್ಕೆ 60 ಪಾಲು ಸತ್ವ. 225 ಗ್ರಾಂ ಬೇಕೆಂದರೆ ಗಿಡಕ್ಕೆ 375 ಗ್ರಾಂ ಗೊಬ್ಬರ. ಒಂದೇ ಸಲ ಸುರಿಯಬೇಡಿ. ಈಗ 100 ಗ್ರಾಂ, ಮುಂದಿನ ತಿಂಗಳು 100, ಏಳನೇ ತಿಂಗಳು 100, ಗೊನೆ ಹೊರಬರುವಾಗ 75. ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತ ಹಾಕಿ, ಮಣ್ಣು ಮುಚ್ಚಿ, ನೀರು ಕೊಡಿ. ನಿಮ್ಮ ಕೊಳವೆಬಾವಿ ನೀರು ಸವುಳು ಅಂದರೆ ಕೆಂಪು ಪೊಟ್ಯಾಷ್ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ಒಳ್ಳೆಯದು. ಬೆಲೆ ಜಾಸ್ತಿ, ಆದರೆ ಅದರಲ್ಲಿ ಕ್ಲೋರೈಡ್ ಇಲ್ಲ. ಬಾಳೆಗೆ ಉಪ್ಪು ಆಗಿಬರುವುದಿಲ್ಲ. ಯೂರಿಯಾವನ್ನು ಪೂರ್ತಿ ನಿಲ್ಲಿಸಬೇಡಿ, ಆದರೆ ಮೇಲಿನ ಎಲೆ ಕಡುಹಸಿರು ಇರುವುದರಿಂದ ಈ ತಿಂಗಳು ಬಿಟ್ಟರೂ ನಡೆಯುತ್ತದೆ. ಪೊಟ್ಯಾಷ್ ಇಲ್ಲದೆ ಬರೀ ಸಾರಜನಕ ಏರಿಸಿದರೆ ಗಿಡ ಸೊಕ್ಕುತ್ತದೆ, ಗೊನೆ ತಡವಾಗುತ್ತದೆ, ಗಾಳಿಗೆ ಬೇಗ ಮುರಿಯುತ್ತದೆ. ಮೀನಿನ ದ್ರಾವಣವನ್ನು ಮನಸ್ಸಿಗೆ ಬಂದಷ್ಟು ಸುರಿದಾಗಲೂ ಇದೇ ತೊಂದರೆ.

ಪೂರ್ತಿ ಸಾವಯವ ಬೇಕು ಅಂದರೆ ಅದೂ ಆಗುತ್ತದೆ. ಆದರೆ ಹೊರುವ ಕೆಲಸ ಜಾಸ್ತಿ. ಗಿಡಕ್ಕೆ 15–20 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಕಿಲೋ ಬೇವಿನ ಹಿಂಡಿ ಅಥವಾ ಹರಳು ಹಿಂಡಿ. ಇವೆರಡರಿಂದ ಸಾರಜನಕದ ದೊಡ್ಡ ಪಾಲು ನಿಧಾನವಾಗಿ ಸಿಗುತ್ತದೆ. ಪೊಟ್ಯಾಷಿಗೆ ಸೌದೆ ಬೂದಿ ಗಿಡಕ್ಕೆ 1–2 ಕಿಲೋ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹದ ಮಾಡುವ ಬ್ಯಾರನ್‌ಗಳಲ್ಲಿ ಸೌದೆ ಬೂದಿ ಸಿಗುತ್ತದೆ, ನೆಂಟರು ಇದ್ದರೆ ಹೇಳಿಟ್ಟುಕೊಳ್ಳಿ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತಯಾರಿಸುವ ಪೊಟ್ಯಾಷ್ ಪುಡಿಯೂ ಮಾರುಕಟ್ಟೆಯಲ್ಲಿದೆ. ಅದರಲ್ಲಿ ನೂರಕ್ಕೆ 14.5 ಪಾಲು ಪೊಟ್ಯಾಷ್, ಗಿಡಕ್ಕೆ ಅರ್ಧ ಕಿಲೋ ಹಾಕಬಹುದು. ಪ್ರಮಾಣಪತ್ರ ಇದ್ದರೆ ಕೊಳ್ಳುವ ಮುಂಚೆ ಆ ಸಂಸ್ಥೆಯವರನ್ನು ಕೇಳಿಕೊಳ್ಳಿ.

ಬೂದಿಯ ಬಗ್ಗೆ ಎರಡು ಎಚ್ಚರಿಕೆ. ನಿಮ್ಮ ಮಣ್ಣು ಮೊದಲೇ ಕ್ಷಾರ ಆಗಿದ್ದರೆ ಬೂದಿ ಅದನ್ನು ಇನ್ನಷ್ಟು ಏರಿಸುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ನಿಮ್ಮ ತಾಲ್ಲೂಕಿನಲ್ಲೇ ಇದೆ, ಮಣ್ಣು ತೆಗೆಯುವ ಕ್ರಮ ಅಲ್ಲಿ ಕೇಳಿ. ಎರಡನೆಯದು, ಬೂದಿಯನ್ನು ಮೀನಿನ ದ್ರಾವಣಕ್ಕೋ ಯೂರಿಯಾಗೋ ಬೆರೆಸಬೇಡಿ. ಬೆರೆಸಿದರೆ ಮೂಗಿಗೆ ಚುರುಕು ವಾಸನೆ ಬರುತ್ತದೆ. ನಿಮ್ಮ ಸಾರಜನಕ ಗಾಳಿಗೆ ಹೋಗುತ್ತಿದೆ ಅಂತ ಅದರ ಅರ್ಥ. ಎರಡರ ನಡುವೆ ಹದಿನೈದು ದಿನ ಬಿಡಿ.

ಎಲ್ಲಕ್ಕಿಂತ ಅಗ್ಗದ ಪೊಟ್ಯಾಷ್ ನಿಮ್ಮ ತೋಟದಲ್ಲೇ ಬಿದ್ದಿರುತ್ತದೆ. ಗೊನೆ ಕಡಿದ ಮೇಲೆ ಉಳಿಯುವ ಕಾಂಡ, ಎಲೆ. ಬಾಳೆ ಹೀರಿದ ಪೊಟ್ಯಾಷಿನಲ್ಲಿ ದೊಡ್ಡ ಪಾಲು ಅದರಲ್ಲೇ ಇದೆ. ತುಂಬಾ ಜನ ಅದನ್ನು ಬದುವಿಗೆ ಎಸೆಯುತ್ತಾರೆ, ಇಲ್ಲವೇ ಹಳ್ಳಕ್ಕೆ ನೂಕುತ್ತಾರೆ. ನೋಡಿದರೆ ಸಂಕಟ ಆಗುತ್ತದೆ. ರೋಗ ಇಲ್ಲದ ಕಾಂಡವನ್ನು ಒಂದೊಂದು ಅಡಿ ತುಂಡು ಮಾಡಿ, ಉದ್ದಕ್ಕೆ ಸೀಳಿ, ಸಾಲುಗಳ ನಡುವೆ ಹರಡಿ. ಸೀಳದೆ ಹಾಗೇ ಬಿಟ್ಟರೆ ಕಾಂಡ ಕೊರಕದ ಮೂತಿಹುಳು ಅದರಲ್ಲಿ ಸಂಸಾರ ಹೂಡುತ್ತದೆ.

ಒಣಗಿಸಿ ಪುಡಿ ಮಾಡಿದ ಮೀನು ಗೊಬ್ಬರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಜಕ್ಕೂ ಗೊಬ್ಬರ ಅನ್ನಬಹುದಾದದ್ದು ಅದು. ಸಾರಜನಕ 4ರಿಂದ 10, ರಂಜಕ 3ರಿಂದ 9 ಪಾಲು ಇರುತ್ತದೆ. ಪೊಟ್ಯಾಷ್ ಮಾತ್ರ ಅದರಲ್ಲೂ ಒಂದೂವರೆ ಪಾಲು ದಾಟುವುದಿಲ್ಲ. ಕರಾವಳಿಯಲ್ಲಿ ಬೂತಾಯಿ ಮೀನು ಅಗ್ಗವಾದಾಗ ತೆಂಗಿನ ಬುಡಕ್ಕೆ ಹಾಕುವುದು ಹಳೆಯ ರೂಢಿ. ನಿಮ್ಮ ಕಡೆಗೆ ತರಿಸುವ ಖರ್ಚು ನೋಡಿದರೆ ಹಿಂಡಿಯೇ ವಾಸಿ. ಕೋಳಿ, ಸಿಗಡಿ ಸಾಕುವವರೂ ಅದೇ ಪುಡಿ ಕೊಳ್ಳುವುದರಿಂದ ಬೆಲೆ ಇಳಿಯುವುದಿಲ್ಲ. ಹಸಿ ಮೀನನ್ನೇ ಬುಡದಲ್ಲಿ ಹೂಳುವುದಂತೂ ಬೇಡ. ಕೊಳೆಯುವಾಗ ಬೇರು ಸುಡುತ್ತದೆ. ನಾಯಿಗಳು ರಾತ್ರೋರಾತ್ರಿ ಬಗೆದು ಹಾಕುತ್ತವೆ. ಗುಂಡ್ಲುಪೇಟೆಯ ಕಡೆ ಕಾಡಂಚಿನ ಒಂದು ತೋಟದಲ್ಲಿ ಹೂತ ಮೂರನೇ ದಿನ ಕಾಡುಹಂದಿ ಬಂದು ಎರಡು ಸಾಲು ಉತ್ತಂತೆ ಮಾಡಿಟ್ಟಿದ್ದವು. ಗಡ್ಡೆ ಸಮೇತ ಗಿಡ ಮಲಗಿದ್ದವು. ಆ ಮನೆಯವರ ಮುಖ ನನಗೆ ಇನ್ನೂ ನೆನಪಿದೆ.

ಈಗ ನಿಮ್ಮ ಡ್ರಮ್ಮಿಗೆ ಬರೋಣ. ತಪ್ಪಾದದ್ದು ಬೆಲ್ಲದಲ್ಲಿ. 10 ಕಿಲೋ ಮೀನಿಗೆ 10 ಕಿಲೋ ಬೆಲ್ಲ ಬೇಕು, ಸಮ ತೂಕ. ಬೆಲ್ಲ ಇಲ್ಲಿ ಬರೀ ಸಿಹಿಗಲ್ಲ. ಉಪ್ಪಿನಕಾಯಿಗೆ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಬೆಲ್ಲ ಮಾಡುತ್ತದೆ. ಮೀನಿನ ನೀರನ್ನು ಹೊರಕ್ಕೆ ಎಳೆಯುತ್ತದೆ, ಕೊಳೆಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಹುಳಿ ಬರಿಸುವ ಜೀವಿಗಳಿಗೆ ದಾರಿ ಮಾಡಿಕೊಡುತ್ತದೆ. ಹುಳಿ ಏರಿದ ಮೇಲೆ ಮೀನಿನ ಕರುಳಲ್ಲೇ ಇರುವ ಕಿಣ್ವಗಳು ನಿಧಾನವಾಗಿ ಮಾಂಸ ಕರಗಿಸುತ್ತವೆ. ಅದಕ್ಕೇ ಬರೀ ಮಾಂಸಕ್ಕಿಂತ ಕರುಳು, ಕಿವಿರು ಸೇರಿದ ತ್ಯಾಜ್ಯ ಒಳ್ಳೆಯದು. ಬೆಲ್ಲ ಕಡಿಮೆಯಾದರೆ ಹುಳಿ ಬರುವ ಮುಂಚೆ ಕೊಳೆತ ಶುರುವಾಗುತ್ತದೆ. ನಿಮ್ಮಲ್ಲಿ ಆದದ್ದು ಇದೇ.

ಹೊಸದಾಗಿ ಮಾಡುವಾಗ ಕಬಿನಿಯ ಕಾಟ್ಲಾ, ರೋಹು, ಜಿಲೇಬಿ ಮೀನಿನ ತ್ಯಾಜ್ಯ ತನ್ನಿ. ಸಿಹಿನೀರಿನ ಮೀನು, ಉಪ್ಪಿನ ಭಯ ಇಲ್ಲ. ಸಮುದ್ರದ ಮೀನಾದರೆ ಒಮ್ಮೆ ನೀರಲ್ಲಿ ಜಾಲಿಸಿ. ಒಣಮೀನು, ಉಪ್ಪುಮೀನು ಬೇಡವೇ ಬೇಡ. ಬೆಲ್ಲ ಕಪ್ಪಾಗಿದ್ದಷ್ಟೂ ಒಳ್ಳೆಯದು. ಮಂಡ್ಯದ ಕಡೆ ಆಲೆಮನೆಯಲ್ಲಿ ಜಿನುಗಿದ, ಅಚ್ಚು ಕೆಟ್ಟ ಬೆಲ್ಲ ಅಗ್ಗಕ್ಕೆ ಸಿಗುತ್ತದೆ. ಹೊಳೆಯುವ ಹಳದಿ ಬೆಲ್ಲ ಬೇಡ, ಆ ಬಣ್ಣ ಬರಿಸಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರಬಹುದು. ಮೀನನ್ನು ಸಣ್ಣಗೆ ಕೊಚ್ಚಿ, ಒಂದು ಪದರ ಮೀನು, ಒಂದು ಪದರ ಬೆಲ್ಲ ಹಾಕಿ. ಮೇಲಿನ ಪದರ ಬೆಲ್ಲವೇ ಇರಲಿ. ನೀರು ಒಂದು ತೊಟ್ಟೂ ಬೇಡ. ಹಸಿ ಪಪ್ಪಾಯಿ ಸಿಪ್ಪೆ ಅಥವಾ ಅನಾನಸ್ ಸಿಪ್ಪೆ ಇದ್ದರೆ ಒಂದು ಕಿಲೋ ಸೇರಿಸಿ, ಅವುಗಳ ರಸ ಮಾಂಸವನ್ನು ಬೇಗ ಒಡೆಯುತ್ತದೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣ ಬೇಡ. ಮೂರರಲ್ಲಿ ಒಂದು ಪಾಲು ಖಾಲಿ ಬಿಡಿ. ಬಾಯಿಗೆ ಎರಡು ಪದರ ಬಟ್ಟೆ ಬಿಗಿದು, ಮೇಲೆ ಮುಚ್ಚಳ ಸುಮ್ನೆ ಇಡಿ, ತಿರುಗಿಸಿ ಭದ್ರ ಮಾಡಬೇಡಿ. ಒಳಗೆ ಗಾಳಿ ತುಂಬಿ ಡ್ರಮ್ ಸಿಡಿಯಬಹುದು. ನೆರಳಲ್ಲಿ, ಮನೆಯಿಂದ ದೂರ ಇಡಿ.

ಮೊದಲ ವಾರ ದಿನಾ ಒಮ್ಮೆ ಕೋಲಿನಲ್ಲಿ ಕಲಕಿ. ಆಮೇಲೆ ಮೂರು ದಿನಕ್ಕೊಮ್ಮೆ ಸಾಕು. ಮೂರನೇ ವಾರ ಕಳೆದ ಮೇಲೆ ಕೋಲು ಎತ್ತಿ ನೋಡಿದರೆ ಕಾಫಿ ಕಷಾಯದ ಬಣ್ಣದ, ಜೋನಿ ಬೆಲ್ಲದಂಥ ದ್ರವ ಎಳೆಯಾಗಿ ಇಳಿಯುತ್ತದೆ. ವಾಸನೆ ಹುಣಸೆ-ಬೆಲ್ಲದ ಗೊಜ್ಜಿನ ಹಾಗೆ, ಹಿಂದೆ ಎಲ್ಲೋ ಸ್ವಲ್ಪ ಮೀನು. ಅದೇ ಹದ. ಕಣ್ಣು ಉರಿಸುವ ವಾಸನೆ ಬಂದರೆ ಹದ ಕೆಟ್ಟಿದೆ. 30ರಿಂದ 40 ದಿನಕ್ಕೆ ಸೋಸಿ. ಮುಚ್ಚಳ ತೆಗೆಯುವುದು ಯಾವಾಗಲೂ ಬಯಲಲ್ಲಿ, ಮುಖ ಬಾಗಿಸಬೇಡಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಿ. ಸೋಸಿ ಉಳಿದ ಮೂಳೆ ತಿಪ್ಪೆಗೆ ಹೋಗಲಿ, ಅದರಲ್ಲಿ ರಂಜಕ ಇದೆ.

ಕೆಟ್ಟಿರುವ ಡ್ರಮ್ಮನ್ನೂ ಎಸೆಯಬೇಡಿ. ಉಳಿದ 7 ಕಿಲೋ ಬೆಲ್ಲ ಪುಡಿ ಮಾಡಿ ಹಾಕಿ, ಚೆನ್ನಾಗಿ ಕಲಕಿ ಹತ್ತು ದಿನ ನೋಡಿ. ಹುಳಿ ವಾಸನೆಗೆ ತಿರುಗಿದರೆ ಉಳಿಯಿತು. ತಿರುಗದಿದ್ದರೆ ತಿಪ್ಪೆಯಲ್ಲಿ ಗುಂಡಿ ಮಾಡಿ, ಒಣ ತರಗು, ಸಗಣಿ ಜೊತೆ ಪದರ ಪದರವಾಗಿ ಹಾಕಿ, ಮೇಲೆ ಒಂದು ಅಡಿ ಮಣ್ಣು ಮುಚ್ಚಿ. ಮೂರು ತಿಂಗಳಲ್ಲಿ ಒಳ್ಳೆ ಗೊಬ್ಬರ ಆಗುತ್ತದೆ.

ಪ್ರಮಾಣ ಕೇಳಿದ್ದೀರಿ. ಎಲೆಗೆ ಹೊಡೆಯಲು ಲೀಟರ್ ನೀರಿಗೆ 5 ಮಿಲಿ, ಅಂದರೆ 16 ಲೀಟರ್ ಕ್ಯಾನಿಗೆ 80 ಮಿಲಿ. ಬುಡಕ್ಕೆ ಲೀಟರಿಗೆ 10 ಮಿಲಿ ಬೆರೆಸಿ ಗಿಡಕ್ಕೆ ಒಂದು ಲೀಟರ್, ತಿಂಗಳಿಗೊಮ್ಮೆ. ನಿಮ್ಮ ತೋಟಕ್ಕೆ ಒಂದು ಸುತ್ತಿಗೆ 12 ಲೀಟರ್ ದ್ರಾವಣ ಸಾಕು. ಇದಕ್ಕಿಂತ ಗಟ್ಟಿ ಮಾಡಬೇಡಿ. ವೃತ್ತಿಯ ಮೊದಲ ದಿನಗಳಲ್ಲಿ ಒಬ್ಬ ರೈತರಿಗೆ ಲೀಟರಿಗೆ 50 ಮಿಲಿ ಹೊಡೆಯಲು ನಾನೇ ಹೇಳಿದ್ದೆ. ಹೊಡೆದದ್ದು ಹನ್ನೊಂದು ಗಂಟೆ ಬಿಸಿಲಲ್ಲಿ. ಎರಡು ದಿನಕ್ಕೆ ಎಲೆಯ ಅಂಚೆಲ್ಲಾ ಸುಟ್ಟು ಕಾಗದದಂತಾಯಿತು. ಉಳಿದ ಎಲೆಯ ಮೇಲೆ ಬೆಲ್ಲದ ಅಂಟಿಗೆ ಕಪ್ಪು ಬೂಷ್ಟು ಕೂತಿತು. ತಪ್ಪು ಸಂಪೂರ್ಣ ನನ್ನದು. ಅಂದಿನಿಂದ ಸಂಜೆ ನಾಲ್ಕರ ಮೇಲೆ, ತೆಳುವಾಗಿ, ಮೊದಲು ಐದು ಗಿಡಕ್ಕೆ ಹೊಡೆದು ಮೂರು ದಿನ ನೋಡಿ ಎಂದೇ ಹೇಳುತ್ತೇನೆ. ತಾಮ್ರದ ಔಷಧಿ ಜೊತೆ ಬೆರೆಸಬೇಡಿ. ಡ್ರಿಪ್‌ನಲ್ಲಿ ಬಿಡುವುದಾದರೆ ಸೀರೆ ಬಟ್ಟೆಯಲ್ಲಿ ಎರಡು ಸಲ ಸೋಸಿ, ಆಮೇಲೆ ಇಪ್ಪತ್ತು ನಿಮಿಷ ಬರೀ ನೀರು ಬಿಡಿ. ಇಲ್ಲದಿದ್ದರೆ ಎಣ್ಣೆ ಜಿಡ್ಡು ಕಣ್ಣು ಕಟ್ಟುತ್ತದೆ.

ಕಾಯಿ ದಪ್ಪ ಆಗಲು ಇನ್ನೂ ಎರಡು ಕೆಲಸ ಇವೆ, ಎರಡೂ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟದ್ದು. ಒಂದು, ಅವರ ‘ಬನಾನಾ ಸ್ಪೆಷಲ್’ ಲಘು ಪೋಷಕಾಂಶದ ಪುಡಿ. ಲೀಟರಿಗೆ 5 ಗ್ರಾಂ, ಐದನೇ ತಿಂಗಳಿಂದ ತಿಂಗಳಿಗೊಮ್ಮೆ ಎಲೆಗೆ. ನೀವು ಈ ತಿಂಗಳೇ ಶುರು ಮಾಡಬಹುದು. ಇನ್ನೊಂದು, ಗೊನೆಗೆ ತುದಿಯಿಂದ ಉಣಿಸುವುದು. ಎಲ್ಲಾ ಚಿಪ್ಪು ಬಿಟ್ಟ ಮೇಲೆ ತುದಿಯ ಹೂ ಕತ್ತರಿಸಿ, ಅರ್ಧ ಕಿಲೋ ಹಸಿ ಸಗಣಿ, 100 ಮಿಲಿ ನೀರು, ಏಳೂವರೆ ಗ್ರಾಂ ಯೂರಿಯಾ, ಏಳೂವರೆ ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆ ತುದಿಗೆ ಕಟ್ಟುವುದು. ದಿಂಡು ಅದನ್ನು ಹೀರಿ ಕಾಯಿಗೆ ಕೊಡುತ್ತದೆ. 1,200 ಗೊನೆಗೆ ಕಟ್ಟುವುದು ಕಷ್ಟ ಅನ್ನಿಸಿದರೆ ಮೊದಲು ಐವತ್ತಕ್ಕೆ ಕಟ್ಟಿ ನೋಡಿ.

ಇನ್ನು ನಿಮ್ಮ ಅತ್ತೆಯವರ ಮಾತು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗಿಡದ ದೃಷ್ಟಿಯಿಂದ ಹೇಳುವುದಾದರೆ ಮೀನು ಮೀನಾಗಿ ಹಣ್ಣಿಗೆ ಹೋಗುವುದಿಲ್ಲ. ಮಣ್ಣಲ್ಲಿ ಒಡೆದು, ಸಗಣಿಯಿಂದ ಬರುವಂಥದ್ದೇ ಸಾರಜನಕವಾಗಿ ಬೇರಿಗೆ ಸೇರುತ್ತದೆ. ಹಣ್ಣಿಗೆ ವಾಸನೆ, ರುಚಿ ಬರುವುದಿಲ್ಲ. ಆದರೆ ಗೊನೆ ಹೊರಬಂದ ಮೇಲೆ ಮೇಲಿನಿಂದ ಹೊಡೆಯುವುದನ್ನು ನಿಲ್ಲಿಸಿ. ಊಟದ ಎಲೆ ಕೊಯ್ದು ಮಾರುವವರಾದರೆ ಎಲೆಗೆ ಹೊಡೆಯಲೇ ಬೇಡಿ, ಬುಡಕ್ಕೆ ಮಾತ್ರ ಹಾಕಿ. ಯಾರದೋ ಮದುವೆಯಲ್ಲಿ ಆ ಎಲೆಯ ಮೇಲೆ ಅನ್ನ ಬಡಿಸುತ್ತಾರೆ, ಅಲ್ವಾ? ಇಷ್ಟು ಹೇಳಿದರೂ ಅವರ ಮನಸ್ಸಿಗೆ ಒಗ್ಗದಿದ್ದರೆ ಬಿಟ್ಟುಬಿಡಿ. ಕಡಲೆಕಾಯಿ ಹಿಂಡಿಯನ್ನು ಬೆಲ್ಲದ ನೀರಲ್ಲಿ ನಾಲ್ಕೈದು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ ಬುಡಕ್ಕೆ ಹಾಕಿದರೂ ಇದೇ ಜಾತಿಯ ಕೆಲಸ ಆಗುತ್ತದೆ. ಮೀನು ಇಲ್ಲದೆಯೂ ಬಾಳೆ ಬೆಳೆಯಬಹುದು. ಪೊಟ್ಯಾಷ್ ಇಲ್ಲದೆ ಆಗುವುದಿಲ್ಲ.

ಕೊನೆಗೆ ಒಂದು ಕೋರಿಕೆ. ಪೊಟ್ಯಾಷ್ ಎಲ್ಲಾ ಗಿಡಕ್ಕೂ ಕೊಡಿ. ಮೀನಿನ ದ್ರಾವಣವನ್ನು ಮಾತ್ರ ತೋಟದ ನಡುವಿನ ಎರಡು ಸಾಲಿಗೆ ಹಾಕದೆ ಬಿಡಿ. ಅಂಚಿನ ಸಾಲು ಬೇಡ, ಅಲ್ಲಿ ಬಿಸಿಲು, ಗಾಳಿ ಬೇರೆ ಇರುತ್ತದೆ. ಆ ಗಿಡಗಳಿಗೆ ಕೆಂಪು ದಾರ ಕಟ್ಟಿ. ಹೂ ಹೊರಬಂದ ದಿನ ಪ್ರತಿ ಗಿಡದ ಹಸಿರೆಲೆ ಎಣಿಸಿ ಬರೆದಿಡಿ, ಹನ್ನೆರಡಕ್ಕಿಂತ ಜಾಸ್ತಿ ಇರಬೇಕು. ಕಟಾವಿನಲ್ಲಿ ದಾರ ಕಟ್ಟಿದ ಇಪ್ಪತ್ತು ಗೊನೆ, ಕಟ್ಟದ ಪಕ್ಕದ ಸಾಲಿನ ಇಪ್ಪತ್ತು ಗೊನೆ ಬೇರೆ ಬೇರೆ ತೂಗಿ. ಚಿಪ್ಪು ಎಷ್ಟು ಅಂತಲೂ ಬರೆಯಿರಿ. ಆ ಚೀಟಿಯನ್ನು ನನಗೂ ಕಳಿಸಿ, ಪಕ್ಕದ ತೋಟದವರಿಗೂ ತೋರಿಸಿ.